ಸೀಟಿ ಊದಿದ ಮೇಲೆ

ಮೊನ್ನೆ ಮಗಳು ಈಜಲು ಹೊರಡುವ ಮುಂಚೆ ತನ್ನ ಕನ್ನಡಕದ ಒಳಮೈಗೆ ಸೋಪು ಸವರಿ ಒರೆಸುತ್ತಿದ್ದಳು. ಮಂಜು ಕಟ್ಟಬಾರದಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಡಿಸುತ್ತಿದ್ದ ಟವೆಲ್ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟೆ. ಗಿಂಡಿ ಬಡಾವಣೆಯ ಆ ಮುಚ್ಚಿದ ಕಾರ್ಖಾನೆಯ ಶೆಡ್ಡು, ಪಕ್ಕದ ಮನೆಯ ಅಣ್ಣ...

ಎರಡು ಸಾವಿರದ ಆಚೀಚೆಯ ವರ್ಷಗಳು. ಏರ್‌ಸಾಫ್ಟ್ ಎಂಬ ಆಟದ ಹೆಸರನ್ನೇ ನಾವು ಕೇಳಿರಲಿಲ್ಲ. ಅಣ್ಣ ಬರ್ಮಾ ಬಜಾರಿನಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಬಂದೂಕುಗಳನ್ನು ತಂದು, ಸಾಲಾಗಿ ನಿಲ್ಲಲೂ ಬಾರದ ನಮ್ಮ ಬೀದಿಯ ಹುಡುಗರನ್ನು ಸೇರಿಸಿ ತಂಡ ಕಟ್ಟಿದ. ನಾನೊಬ್ಬಳೇ ಹುಡುಗಿ. ಭಾನುವಾರ ಬೆಳಗ್ಗೆ ತಾಲೀಮು. ಒಬ್ಬ ಮುಂದಕ್ಕೆ ಓಡಿದರೆ ಇನ್ನೊಬ್ಬ ಅವನಿಗೆ ಕಾವಲು. ಗುಂಡು ತಾಗಿದರೆ ಬಟ್ಟೆಯ ಮೇಲೆ ಗುರುತು ಉಳಿಯುವುದಿಲ್ಲ, ಹಾಗಾಗಿ ತಾಗಿಸಿಕೊಂಡವನೇ ಕೈಯೆತ್ತಿ "ಔಟ್" ಎನ್ನಬೇಕು. ಸುಳ್ಳು ಹೇಳಿದವನಿಗೆ ಮುಂದಿನ ವಾರ ಜಾಗವಿಲ್ಲ. ಕಣ್ಣಿಗೆ ಗುಂಡು ತಾಗದಂತೆ ಎಲ್ಲರೂ ಸೋಪು ಸವರಿ ಒರೆಸಿದ ಕನ್ನಡಕ ಹಾಕಬೇಕು. ಇನ್ನೊಂದು ನಿಯಮವನ್ನಂತೂ ತಲೆ ತಿಂದು ಕಲಿಸಿದ.

"ಕನ್ನಡಕ ಮಂಜು ಕಟ್ಟಿದ್ರೆ ಅಲ್ಲೇ ಕೂತ್ಕೊಳ್ಳಿ. ತೆಗೀಬೇಡಿ. ಪುರಿಂಜುದಾ? ಅರ್ಥ ಆಯ್ತಾ?"

ಅಣ್ಣನಿಗೆ ರೈಲ್ವೆ ಡ್ರೈವರ್ ಕೆಲಸದ ಪರೀಕ್ಷೆ ಪಾಸಾಗಿತ್ತು. ಕಣ್ಣಿನ ತಪಾಸಣೆ ಮಾತ್ರ ಬಾಕಿ. ಎಂಜಿನ್ ಓಡಿಸುವವನಿಗೆ ಎರಡು ಕಣ್ಣೂ ಚೊಕ್ಕವಾಗಿರಬೇಕು. ನಾವು ಮಾಮಿ ಎನ್ನುತ್ತಿದ್ದ ಅವನ ಅಮ್ಮ, "ಮೆಡಿಕಲ್ ಮುಗಿಯೋ ತನಕ ಆ ದರಿದ್ರ ಬಂದೂಕು ಮುಟ್ಟಬೇಡ ಕಣೋ" ಎಂದು ಗೋಗರೆದರು. ಅಣ್ಣ ಒಪ್ಪಿದ. ಅಡ್ಯಾರಿನ ತಂಡದ ಜೊತೆ ಗೊತ್ತಾಗಿದ್ದ ಪಂದ್ಯಕ್ಕೆ ಬರೀ ಸೀಟಿ ಹಿಡಿದು ನಿಲ್ಲುತ್ತೇನೆ ಎಂದ.

ಅವತ್ತು ಶೆಡ್ಡಿನೊಳಗೆ ಉಸಿರುಕಟ್ಟುವ ಸೆಖೆ. ಕೊನೆಗೆ ನಮ್ಮ ಕಡೆ ನನ್ನ ತಮ್ಮ, ಅವರ ಕಡೆ ಇನ್ನೊಬ್ಬ ಉಳಿದರು. ನಾನು ಔಟಾಗಿ ಗೋಡೆಗೆ ಒತ್ತಿ ನಿಂತಿದ್ದೆ. ಹಳೆಯ ಡ್ರಮ್ಮುಗಳ ಹಿಂದೆ ತಮ್ಮ ಅಡಗಿದ್ದ. ಇಬ್ಬರೂ ಅಲುಗಲಿಲ್ಲ. ಹೊತ್ತು ಮೀರಿತೆಂದು ಅಣ್ಣ ಸೀಟಿ ಊದಿದ. ಊದಿ, ಆಟ ಮುಗಿಯಿತಲ್ಲ ಎಂದು, ಮಸುಕಾಗಿದ್ದ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಡ್ರಮ್ಮುಗಳ ಮುಂದೆ ನಡೆದು ಬಂದ. ಆಗಲೇ ತಮ್ಮನ ಗುಂಡು ಹಾರಿತು.

ಅಣ್ಣ ಕಿರುಚಲಿಲ್ಲ. ಒಂದು ಕೈಯಿಂದ ಬಲಗಣ್ಣು ಮುಚ್ಚಿಕೊಂಡು, ಇನ್ನೊಂದು ಕೈಯೆತ್ತಿ "ಔಟ್" ಎಂದ. ಆ ಹೊತ್ತಿನಲ್ಲೂ...

ಕಣ್ಣಾಸ್ಪತ್ರೆಯ ದಾರಿಯುದ್ದಕ್ಕೂ ಆಟೋದಲ್ಲಿ ತಮ್ಮ, "ವಿಸಿಲ್ ಕೇಳಲಿಲ್ಲ ಅಣ್ಣಾ, ಸತ್ಯವಾಗ್ಲೂ ಕೇಳಲಿಲ್ಲ" ಎಂದು ಅಳುತ್ತಿದ್ದ. ಅಣ್ಣ ನಮ್ಮಿಬ್ಬರಿಂದಲೂ ಆಣೆ ಹಾಕಿಸಿಕೊಂಡ. "ಕಂಬಿ ತಗುಲ್ತು ಅಂತ ಹೇಳೋಣ. ಅಮ್ಮನ ಹತ್ರ ಇವನ ಹೆಸರು ಎತ್ತಬೇಡಿ."

ಕಣ್ಣೊಳಗೆ ರಕ್ತ ಕಟ್ಟಿತ್ತು. ತಪಾಸಣೆಯ ದಿನದೊಳಗೆ ಸರಿಹೋದೀತೆಂದು ಜೀವ ಬಿಗಿಹಿಡಿದು ಕಾದೆವು. ಊತ ಇಳಿಯಿತು, ನೋಟ ಮಾತ್ರ ಮೊದಲಿನಂತೆ ಆಗಲಿಲ್ಲ. ಡ್ರೈವರ್ ಕೆಲಸ ಕೈತಪ್ಪಿತು. ಮುಂದೆ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾದ. ನನಗೆ ಇವತ್ತಿಗೂ ತಮ್ಮನಿಗಿಂತ ಅಣ್ಣನ ಮೇಲೇ ಸಿಟ್ಟು. ನಮಗೆಲ್ಲ ಅಷ್ಟು ಹೇಳಿದವನು ತಾನು ಅರೆಗಳಿಗೆ ತಾಳಬಾರದಿತ್ತೇ?

ಹೋದ ವರ್ಷ ಅಣ್ಣ ಹೃದಯಾಘಾತದಿಂದ ತೀರಿಕೊಂಡ. ಈ ಭಾನುವಾರ ತಮ್ಮನನ್ನು ಕರೆದುಕೊಂಡು ಮಾಮಿಯನ್ನು ನೋಡಲು ಹೋಗಿದ್ದೆ. ಎಂದಿನಂತೆ ಊಟಕ್ಕೆ ಕೂರಿಸಿದರು. ಬಡಿಸುತ್ತಿದ್ದವರು ತಮ್ಮನ ಎಲೆಯ ಮುಂದೆ ನಿಂತು ಕೇಳಿದರು:

"ಆ ಸೀಟಿ ನಿಂಗೆ ನಿಜವಾಗ್ಲೂ ಕೇಳಿಸಲಿಲ್ವೇನೋ?"

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಅವನಿಗೆ ಬಡಿಸಿದ್ದರು.

"ಇಲ್ಲ ಮಾಮಿ" ಎಂದ ತಮ್ಮ, ತಲೆಯೆತ್ತದೆ.

"ನಿಮ್ಮ ಅಣ್ಣನೂ ಹಂಗೇ ಹೇಳಿದ್ದ" ಎಂದು ಮಾಮಿ ತಮ್ಮನ ಅನ್ನಕ್ಕೆ ಹುಳಿ ಹಾಕಿದರು. "ನಿನ್ನ ಬಾಯಿಂದ ಒಂದ್ಸಲ ಕೇಳಬೇಕಿತ್ತು. ಅವನು ಇರೋ ತನಕ ಕೇಳೋಕೆ ಬಿಡಲೇ ಇಲ್ಲ."