ಚುಕ್ಕಿಯಿಲ್ಲದ ಬೆಳ್ಳಕ್ಕಿ

ಸಿಂಚನಾ, ಹರ್ಷ, ಅಟ್ಟಕ್ಕೆ ಹಾಕೆಂದು ನಿಮ್ಮ ಅಮ್ಮ ಕೊಟ್ಟ ಬಣ್ಣದ ಕಡ್ಡಿಗಳ ಡಬ್ಬಿ ನನ್ನ ಕೈಯಲ್ಲೇ ತೆರೆದುಕೊಂಡಿತು. ಆ ಮೇಣದ ವಾಸನೆಗೆ ನನ್ನ ಮೇಷ್ಟ್ರು ನೆನಪಾದರು. ಡ್ರಾಯಿಂಗ್ ಪೀರಿಯಡ್ ತೆಗೆದು ಅಲ್ಲಿಗೂ ಲೆಕ್ಕದ ಪಾಠ ಹಾಕಿದ್ದಾರೆಂದು ನೀವು ಮುಖ ಬಾಡಿಸಿಕೊಂಡು ಬಂದ ದಿನವೇ ಅವರ ವಿಷಯ ಹೇಳಬೇಕೆಂದಿದ್ದೆ. ಬಾಯಲ್ಲಿ ಹೇಳುವುದು ನನಗೆ ಬಾರದು, ಬರೆಯುತ್ತೇನೆ.

ನಾನು ಚಿಕ್ಕವಳಿದ್ದಾಗ ಕೊಡಗು ತನ್ನದೇ ಒಂದು ರಾಜ್ಯ. ಹಾಸನದ ಕಡೆಯಿಂದ ಬಂದ ನಮ್ಮವರು ಹಾರಂಗಿ ಹೊಳೆಯ ಹತ್ತಿರ ಗದ್ದೆ ಮಾಡಿಕೊಂಡಿದ್ದರು. ಅಣೆಕಟ್ಟು ಇನ್ನೂ ಇರಲಿಲ್ಲ. ಶಾಲೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಶನಿವಾರ ಮಗ್ಗಿ ಮುಗಿದ ಮೇಲೆ ಅವರು ನಮ್ಮನ್ನು ಗದ್ದೆಯ ಬದುವಿನ ಮೇಲೆ ಕೂರಿಸಿ, ಮೈಸೂರಿನಿಂದ ತಂದ ಮೇಣದ ಕಡ್ಡಿಗಳನ್ನು ಮುರಿದು ಒಂದೊಂದು ಚೂರು ಹಂಚುತ್ತಿದ್ದರು. ಕಂಡದ್ದನ್ನು ಬರೆಯಬೇಕು, ಅಷ್ಟೇ.

ಮೊದಲ ಸಲ ನಾನು ಬೆಳ್ಳಕ್ಕಿ ಬರೆಯಲು ಹೊರಟು, ಹಾಳೆಯ ತುಂಬ ಸಾಲಾಗಿ ಚುಕ್ಕಿ ಇಟ್ಟೆ. ರಂಗೋಲಿ ಬಿಟ್ಟು ಬೇರೆ ಗೆರೆ ನನ್ನ ಕೈಗೆ ಗೊತ್ತಿರಲಿಲ್ಲ. ಎಳೆ ಹೊರಟಲ್ಲಿಗೇ ಬಂದು ಸೇರಬೇಕು, ಬಾಯಿ ತೆರೆದಿದ್ದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನನ್ನ ಅಜ್ಜಿ ಕಲಿಸಿದ್ದರು. ಹಕ್ಕಿ ಚುಕ್ಕಿಗಳ ನಡುವೆ ಸಿಕ್ಕಿಕೊಂಡಿತು. ಪಕ್ಕದವರು ನಕ್ಕರು.

ಮೇಷ್ಟ್ರು ನಗಲಿಲ್ಲ. "ಪಂಜರಕ್ಕೆ ಹಾಕಿದ್ದೀಯಲ್ಲವ್ವ, ಹಾರೋದೆಲ್ಲಿಗೆ?" ಎಂದು ಇನ್ನೊಂದು ಹಾಳೆ ಕೊಟ್ಟರು. "ಚುಕ್ಕಿ ಬೇಡ. ಹಕ್ಕೀನ ನೋಡು, ಕೈನ ನೋಡ್ಬೇಡ."

ಗೆರೆ ಎಲ್ಲಿಗೆ ಹೋಗುತ್ತದೆಂದು ನನಗೇ ತಿಳಿಯಲಿಲ್ಲ... ಕುತ್ತಿಗೆ ಉದ್ದವಾಯಿತು, ಒಂದು ಕಾಲು ಮರೆತೇಹೋಯಿತು. ಆದರೆ ಅಷ್ಟು ಹೊತ್ತು ನನಗೆ ಯಾರ ಭಯವೂ ಇರಲಿಲ್ಲ.

ನಾಲ್ಕನೇ ಕ್ಲಾಸು ಮುಗಿದೊಡನೆ ಅಪ್ಪ ನನ್ನನ್ನು ಶಾಲೆ ಬಿಡಿಸಲು ನಿಶ್ಚಯಿಸಿದರು. ಮೇಷ್ಟ್ರು ಮನೆಗೇ ಬಂದು ಜಗಲಿಯಲ್ಲಿ ಕೂತು, ಕುಶಾಲನಗರದ ಶಾಲೆಗೆ ಕಳಿಸಿ ಎಂದು ಕೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಓದು ಬರಹ ಬಂತಲ್ಲ ಮೇಷ್ಟ್ರೆ, ಸಾಕು," ಎಂದರು ಅಪ್ಪ. "ಇನ್ನು ಚಿತ್ರ ಅಂದ್ರೆ, ರಂಗೋಲಿ ನಮ್ಮವ್ವನೇ ಕಲಿಸ್ತಾಳೆ."

"ಅವ್ವ ಚುಕ್ಕಿ ಇಟ್ಟು ಕಲಿಸ್ತಾರೆ ಗೌಡ್ರೆ. ಚುಕ್ಕಿ ಇಲ್ದೆ ಬರೆಯೋ ಧೈರ್ಯ ಶಾಲೇಲೇ ಬರಬೇಕು."

ಅಜ್ಜಿ ಒಳಗಿನಿಂದಲೇ ಅಂದರು: "ಚುಕ್ಕಿ ಇಲ್ಲದ ರಂಗೋಲಿ, ಹಗ್ಗ ಇಲ್ಲದ ಕರ. ಎರಡೂ ಕಂಡೋರ ಗದ್ದೆ ಮೇಯ್ತವೆ ಕಣಪ್ಪ."

ಅಪ್ಪ ನಕ್ಕರು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ನನ್ನ ಶಾಲೆ ಮುಗಿಯಿತು...

ಮುಂದೆ ಮದುವೆ. ಒಂದು ಅಡುಗೆಮನೆಯಿಂದ ಇನ್ನೊಂದು ಅಡುಗೆಮನೆಗೆ ಬಂದೆ. ನಿಮ್ಮ ತಾತ ಕೆಟ್ಟವರಲ್ಲ. ಆದರೆ ನೀನೇನು ಕಂಡೆ ಎಂದು ಇಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತಂತೆ. ಈಗ ಅವರು ಇರಲಾರರು.

ನಿನ್ನೆ, ನಿಮಗೆ ಹೇಳದೆ, ನಿಮ್ಮ ಶಾಲೆಗೆ ಹೋಗಿದ್ದೆ. "ಡ್ರಾಯಿಂಗ್ ಎಲ್ಲ ಮನೇಲೇ ಹೇಳ್ಕೊಡಿ ಅಜ್ಜಿ, ಇಲ್ಲಿ ಟೈಮೆಲ್ಲಿದೆ?" ಎಂದರು ಹೆಡ್‌ಮಿಸ್. ಜಗಲಿಯಲ್ಲಿ ಮೇಷ್ಟ್ರು ಕೊಟ್ಟ ಉತ್ತರ ನನಗೆ ನೆನಪಿತ್ತು. ಸೆರಗು ಸರಿಮಾಡಿಕೊಂಡು ಹಾಗೇ ಹೊರಟುಬಂದೆ.

ಆ ಉತ್ತರವನ್ನೇ ಇಲ್ಲಿ ಬರೆದಿದ್ದೇನೆ. ಪ್ರತಿ ಹಾಳೆಯ ಬೆನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ನೀವು ಕಂಡದ್ದನ್ನು ಬರೆದುಕೊಳ್ಳಿ. ಹಾಳೆಗಳನ್ನು ಮಾತ್ರ ಜೋಪಾನ ಮಾಡಿ, ಮಕ್ಕಳೇ.