ಐದನೇ ನಂಬರಿನ ಟೈರು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಯಾರಾದರೂ ‘ಹಂಗಾತು, ಹಿಂಗಾತು, ನನ್ನ ಕಣ್ಣಾರೆ ನೋಡಿದೆ’ ಅಂತ ಶುರು ಮಾಡಿದರೆ, ‘ಅವತ್ತ ಎಷ್ಟ ಕುಡದಿದ್ದಿ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಸೈಕಲ್ ಮೇಲೆ ಬೆಲ್ಲದ ಪೆಂಟಿ ಹೇರಿಕೊಂಡು ಬನಹಟ್ಟಿಯ ಓಣಿ ಓಣಿ ತಿರುಗಿ ಮಾರಿದವನು ನಾನು. ಮುರಿದು, ಮೂಸಿ, ನಾಲಿಗೆಗೆ ಹಚ್ಚಿ ನೋಡದೆ ಯಾವ ಮಾಲನ್ನೂ ಒಪ್ಪಿಕೊಂಡವನಲ್ಲ. ಐದಾರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನೂ ಹಾಗೆಯೇ ಮುರಿದು, ಮೂಸಿ ನೋಡಿದ್ದೇನೆ. ಏನೂ ತಿಳಿದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಆಗ ನಾನು ಜಮಖಂಡಿಯಲ್ಲಿ ಅಂಗಡಿ ಇಟ್ಟಿದ್ದೆ. ಬೆಲ್ಲ, ಅರಿಷಿಣ ಕೊಳ್ಳಲು ಮುಧೋಳ, ಬೀಳಗಿ ಕಡೆಯ ಹೊಲಗಳಿಗೆ ನಾನೇ ಹೋಗುತ್ತಿದ್ದೆ. ಮಾಲು ಹೊಲದಲ್ಲೇ ನೋಡಬೇಕು, ಪೇಟೆಗೆ ಬಂದ ಮೇಲೆ ಅದರ ಪರವಾಗಿ ದಲಾಲಿಯ ಬಾಯಿ ಮಾತಾಡುತ್ತದೆ. ಆದರೆ ಮಳೆಗಾಲದ ಎರೆಮಣ್ಣಿನ ದಾರಿ ಗೊತ್ತಲ್ಲ? ಟ್ರ್ಯಾಕ್ಟರ್ ಕೊರೆದ ಜಾಡು ಮೊಳಕಾಲಾಳ. ನನ್ನ ಜೀಪಿನ ಹೊಟ್ಟೆ ನಡುವಿನ ಮಣ್ಣಿನ ದಿಂಡಿಗೆ ಕುಂತುಬಿಟ್ಟರೆ ನಾಲ್ಕೂ ಗಾಲಿ ಎಳೆಯುವ ಗಾಡಿಯಾದರೇನು, ಗಾಲಿಗಳು ಸುಮ್ಮನೆ ತಿರುಗುತ್ತಿರುತ್ತವೆ. ಎರಡು ಸಲ ಎತ್ತು ಕಟ್ಟಿ ಎಳೆಸಿಕೊಂಡ ಮೇಲೆ ದೊಡ್ಡ ಟೈರು ಹಾಕಿಸಿಯೇ ಬಿಡೋಣ ಅಂತ ತೀರ್ಮಾನಿಸಿದೆ.

ಹುಸೇನಸಾಬ ನನಗೆ ಹಳೆಯ ಪರಿಚಯದ ಟೈರಿನವನು. ನಾಲ್ಕು ಟೈರಿನ ಮಾತು ಮುಗಿಸುವಾಗ ಐದನೆಯದನ್ನೂ ಅರ್ಧ ಬೆಲೆಗೆ ಎಳೆದುಕೊಂಡೆ. “ಸಾವ್ಕಾರ್ರ, ನಿಮ್ಮ ಕೂಡ ಯವ್ವಾರ ಮಾಡಿದ ದಿವಸ ಮನಿಗೆ ಹೋಗಿ ಕನ್ನಡಿ ನೋಡ್ಕೋತೀನ್ರಿ, ಮೈಮ್ಯಾಲ ಅರಿವಿ ಅದಾವೋ ಇಲ್ಲೋ ಅಂತ” ಎಂದ.

ನೀವು ಹಾಕಿಸುವುದಿದ್ದರೆ ಒಂದು ಮಾತು ಕೇಳಿ. ಸ್ಟೆಪ್ನಿಯನ್ನೂ ಅದೇ ಅಳತೆಯದು ತಗೊಳ್ಳಿ. ಹಳೆಯ ಸಣ್ಣ ಟೈರನ್ನೇ ಸ್ಟೆಪ್ನಿಯಾಗಿ ಉಳಿಸಿಕೊಂಡರೆ, ಬೇಕಾದ ದಿನ ಮೂರು ಗಾಲಿ ದೊಡ್ಡವು, ಒಂದು ಸಣ್ಣದು ಆಗಿ ಒಳಗಿನ ಗೇರೇ ಮುರಿಯುತ್ತದೆ. ಎರಡನೆಯದು, ಆ ಭಾರವನ್ನು ಹಿಂದಿನ ಬಾಗಿಲ ಕೀಲು ತಡೆಯುವುದಿಲ್ಲ. ಕಬ್ಬಿಣದ ಬೇರೆ ಸ್ಟ್ಯಾಂಡ್ ಬೆಸುಗೆ ಹಾಕಿಸಬೇಕು. ನಾನು ಅದನ್ನೂ ಮಾಡಿಸಿ, ಮೇಲೊಂದು ಪಟ್ಟಿ ಕೂಡಿಸಿ ಬೀಗ ಜಡಿದೆ. ಪಂಕ್ಚರ್ ಅಂಗಡಿಯಲ್ಲಿ ಯಾರೂ ಅದಲುಬದಲು ಮಾಡಬಾರದು ಅಂತ ಹಳದಿ ಬಣ್ಣ ತಂದು ಟೈರುಗಳ ಮೇಲೆ ಒಂದರಿಂದ ಐದರ ತನಕ ನಂಬರನ್ನೂ ನನ್ನ ಕೈಯಾರೆ ಬರೆದೆ. ಹಿಂದಿನ ಎಡಗಾಲಿ ಮೂರು, ಸ್ಟೆಪ್ನಿ ಐದು.

ನಾನು ತಪ್ಪಿದ್ದು ಜಾಕಿನಲ್ಲಿ. ಟೈರು ದೊಡ್ಡದಾದರೆ ಗಾಡಿ ಎತ್ತರವಾಗುತ್ತದೆ, ಹಳೆಯ ಜಾಕ್ ಸಾಲುವುದಿಲ್ಲ. “ದೊಡ್ಡದ ತಗೋರಿ, ಇಲ್ಲಾ ಅದರ ಕೆಳಗಿಡಾಕ ಒಂದು ಕಟಗಿ ದಿಮ್ಮಿಯರ ಇಟ್ಕೋರಿ” ಅಂತ ಹುಸೇನಸಾಬ ಹೇಳಿದ. ಇನ್ನೊಂದು ಸಾಮಾನು ಮಾರುವ ಉಪಾಯ ಇದು ಅಂದುಕೊಂಡು ನಕ್ಕು ಬಂದುಬಿಟ್ಟೆ.

ಹುನ್ನೂರಿನ ಆಚೆ ಹೊಲದಲ್ಲೇ ಮನೆ ಮಾಡಿಕೊಂಡಿರುವ ಬೀರಪ್ಪ ನನ್ನ ಗೆಳೆಯ. ಕುರಿಗಳೂ ಇವೆ, ಅರಿಷಿಣವೂ ಬೆಳೆಯುತ್ತಾನೆ. ಎರಡು ದಿನ ಬಿಡದೆ ಮಳೆ ಹೊಡೆದು ಅಂದು ತುಸು ಹೊಳವಾಗಿತ್ತು. ಹೊಸ ಟೈರಿನ ಹುರುಪಿನಲ್ಲಿ ಅವನ ಮನೆ ತನಕ ಗಾಡಿ ಓಡಿಸಿಕೊಂಡೇ ಹೋದೆ. “ಲೇ, ಜೀಪಿಗೆ ಆನಿ ಕಾಲ ಹಚ್ಚಿಸಿಯಲ್ಲೋ! ಕುಣಸಾಕೇನ?” ಎಂದು ಚುಡಾಯಿಸಿದ. ಚಹಾ ಕುಡಿದು ಲೋಟ ಇಡುವುದರೊಳಗೆ ಬದುವಿನ ಕಡೆಯಿಂದ ಕೂಗು ಕೇಳಿತು. ಹುಲ್ಲು ಕೀಳಲು ಹೋಗಿದ್ದ ಅವನ ಹೆಂಡತಿ ಕಲ್ಲವ್ವನಿಗೆ ನಾಗರಹಾವು ಕಚ್ಚಿತ್ತು.

ಬೀರಪ್ಪ ಆಕೆಯನ್ನು ಎತ್ತಿಕೊಂಡು ಬಂದ. ಹಣೆಗೆ ಬೀರದೇವರ ಭಂಡಾರದ ಅರಿಷಿಣ ಹಚ್ಚಿದ. “ಹಚ್ಚು, ಆದ್ರ ಗಾಡ್ಯಾಗ ಕುಂತು ಹಚ್ಚು” ಅಂದೆ. ಆಂಬುಲೆನ್ಸ್ ಡಾಂಬರು ರಸ್ತೆ ಬಿಟ್ಟು ಇಳಿಯುವ ಹಾಗಿರಲಿಲ್ಲ. ರಸ್ತೆ ತನಕ ಎರಡು ಮೈಲಿ ಬರೀ ಕೆಸರು. ಹಿಂದಿನ ಸೀಟಿನಲ್ಲಿ ಬೀರಪ್ಪನ ತೊಡೆಯ ಮೇಲೆ ಆಕೆಯ ತಲೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ, “ದೋಸ್ತ, ಇಕಿ ಕಣ್ಣ ತೆರಿವಲ್ಲಳೋ” ಎಂದ.

ಹಳ್ಳಕ್ಕೆ ಇಳಿದಾಗ ಹಿಂದೆ ‘ಢಬ್’ ಎಂದಿತು. ಗಾಡಿ ಎಡಕ್ಕೆ ಕುಸಿದು, ಸ್ಟೇರಿಂಗ್ ಕೈ ಹಿಡಿದು ಎಳೆಯಿತು. ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಟೈರು ಹೋದದ್ದು ಬೆನ್ನಿಗೇ ಗೊತ್ತಾಗುತ್ತದೆ. ಜಾಕ್ ಸಾಲದು, ದಿಮ್ಮಿ ಇಲ್ಲ, ಸ್ಟೆಪ್ನಿ ಬೀಗದ ಕೈ ಮನೆಯಲ್ಲಿ ಮೊಳೆಗೆ ತೂಗುತ್ತಿದೆ. ನನ್ನ ಜಾಣತನಕ್ಕೆ ಆ ಹೆಣ್ಣುಮಗಳು ಜೀವ ಕೊಡಬೇಕಾಯಿತಲ್ಲ ಅನ್ನಿಸಿತು. ರಿಮ್ ಮುರಿದರೆ ಮುರಿಯಲಿ ಅಂತ ಎಕ್ಸಿಲರೇಟರ್ ಒತ್ತಿದೆ. ಮುಂದೆ ನನಗೆ ನೆನಪಿರುವುದು ಗಾಡಿ ಹಳ್ಳ ಹತ್ತಿ ನೆಟ್ಟಗೆ ಓಡುತ್ತಿದ್ದದ್ದು. ಜಾಡಿಗೆ ಬಿದ್ದು ಎಳೆದಿರಬೇಕು, ಟೈರಿಗೆ ಏನೂ ಆಗಿಲ್ಲ ಅಂದುಕೊಂಡೆ. ಜಮಖಂಡಿಯ ಆಸ್ಪತ್ರೆ ಮುಟ್ಟಿದೆವು. ಇನ್ನು ಸ್ವಲ್ಪ ತಡವಾಗಿದ್ದರೆ ಉಸಿರು ನಿಲ್ಲುತ್ತಿತ್ತು ಅಂದರು ಡಾಕ್ಟರು. ಹಾವು ಕಚ್ಚಿದರೆ ಯಾರ ಹತ್ತಿರವೂ ಮಂತ್ರ ಹಾಕಿಸುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಕಲ್ಲವ್ವ ಉಳಿದಳು.

ಮರುದಿನ ಬೆಳಿಗ್ಗೆ ಯಾವುದಕ್ಕೂ ಇರಲಿ ಅಂತ ಗಾಡಿಯನ್ನು ಹುಸೇನಸಾಬನ ಹತ್ತಿರ ಒಯ್ದೆ. ಕೆಸರು ತೊಳೆದವನು ಹಿಂದೆ ನಿಂತೇ ಕೇಳಿದ: “ಸಾವ್ಕಾರ್ರ, ಸ್ಟೆಪ್ನಿ ಯಾವಾಗ ಬದಲ್ ಮಾಡೀರಿ?”

ಹೋಗಿ ನೋಡಿದೆ. ಹಿಂದಿನ ಎಡಗಡೆ ಇದ್ದದ್ದು ಐದನೇ ನಂಬರು. ಸ್ಟ್ಯಾಂಡಿನ ಮೇಲೆ ಮೂರನೇ ನಂಬರು ತೂಗುತ್ತಿತ್ತು, ಗಾಳಿ ಇಲ್ಲ, ಪಕ್ಕೆಯಲ್ಲಿ ಹೊಲ ಹರಗುವ ಕುಂಟೆಯ ಕಬ್ಬಿಣದ ಅಲಗಿನ ತುಂಡೊಂದು ನಾಟಿಕೊಂಡಿತ್ತು. ಅದರ ಮೇಲೆ ಪಟ್ಟಿ, ಪಟ್ಟಿಗೆ ನನ್ನ ಬೀಗ, ಬೀಗ ಹಾಕಿದ ಹಾಗೇ ಇದೆ. ಹುಸೇನಸಾಬ ಎಡಗಾಲಿಯ ನಟ್ಟುಗಳಿಗೆ ಪಾನಾ ಹಚ್ಚಿ ನೋಡಿದ. “ಛಲೋ ಬಿಗದೀರಿ ಬಿಡ್ರಿ” ಎಂದು ನಕ್ಕ. ನಾನು ನಗಲಿಲ್ಲ. ಸೀಟಿನ ಕೆಳಗಿನ ಜಾಕ್ ಹೊರಗೆ ತೆಗೆದೆವು. ಗೋಣಿಚೀಲದಲ್ಲಿ ಸುತ್ತಿ ಕಟ್ಟಿದ ಹಗ್ಗ ಬಿಚ್ಚಿರಲಿಲ್ಲ. ಚೀಲ ಒಣಗಿತ್ತು. ಅವನೇ ಜಾಕನ್ನು ಪೂರಾ ಏರಿಸಿ ಇಟ್ಟು ತೋರಿಸಿದ, ಗಾಲಿ ನೆಲ ಬಿಡಲಿಲ್ಲ. ಮನೆಗೆ ಬಂದರೆ ಕೀಲಿಕೈ ಮೊಳೆಗೇ ಇದೆ. ಹಿಂದಿನ ದಿನ ತೊಟ್ಟಿದ್ದ ಬಿಳಿ ಅಂಗಿಯನ್ನು ಒಗೆಯುವ ಬುಟ್ಟಿಯಿಂದ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಒಂದು ಹನಿ ಕೆಸರಿಲ್ಲ.

ಹಳ್ಳದಲ್ಲಿ ಏನಾಯಿತು ಅಂತ ಆಸ್ಪತ್ರೆಯಲ್ಲಿದ್ದ ಬೀರಪ್ಪನನ್ನು ಕೇಳಿದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

“ನೀ ಹಳ್ಳದಾಗ ಗಾಡಿ ನಿಂದರಿಸಿದ್ದಿಯಲ್ಲೋ ಮಾರಾಯಾ! ಗಾಡಿ ಎಡಕ ಎದ್ದಂಗಾತು, ನಟ್ಟ ತಿರವೋ ಸಪ್ಪಳಾನೂ ಬಂತು. ನೀನ ಇಳದೀ ಅಂತ ತಿಳದೆ. ನಾ ಎಲ್ಲಿ ತಲಿ ಎತ್ತಿ ನೋಡ್ಲಿ, ಇಕಿ ಉಸರ ಎಣಸ್ಕೋತ ಕುಂತಿದ್ದೆ.”

ನಾನು ನಿಲ್ಲಿಸಿಲ್ಲ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಡಾಕ್ಟರು ಮಾತ್ರ ಅವಸರದಲ್ಲಿ ಮಾಡಿದ್ದು ಕೆಲವೊಮ್ಮೆ ಮರೆತುಹೋಗುತ್ತದೆ ಅಂದರು. ಇರಬಹುದು. ಮರೆವು ಬೀಗ ತೆಗೆಯುತ್ತದೆಯೇ ಅಂತ ಕೇಳಿದೆ. ಅವರು ಬೇರೆ ರೋಗಿಯನ್ನು ನೋಡಲು ಹೋದರು. ಬೀರಪ್ಪನದು ಸುಲಭ, ಬೀರದೇವರ ಕಡೆ ಕೈ ತೋರಿಸಿ ಸುಮ್ಮನಾದ. ನನಗೆ ಹಾಗೆ ಸುಮ್ಮನಾಗಲು ಬರುವುದಿಲ್ಲ. ಅದೇ ವಾರ ಒಬ್ಬನೇ ಆ ಹಳ್ಳಕ್ಕೆ ಹೋಗಿ ನೋಡಿದೆ. ಮತ್ತೆ ಮಳೆಯಾಗಿ ನೀರು ಹರಿದುಹೋಗಿತ್ತು, ಹೆಜ್ಜೆ ಗುರುತು ಸಿಗುವ ಮಾತೇ ಇರಲಿಲ್ಲ.

ತಿಂಗಳಾದ ಮೇಲೆ ಕಲ್ಲವ್ವನನ್ನು ನೋಡಿಬರಲು ಹೋದೆ. ರೊಟ್ಟಿ ಬಡಿಯುವಷ್ಟು ಸುಧಾರಿಸಿದ್ದಳು. ಯಾರೂ ಅವಳ ಮುಂದೆ ಟೈರಿನ ಸುದ್ದಿ ಎತ್ತಿರಲಿಲ್ಲ. ಊಟಕ್ಕೆ ಬಡಿಸುತ್ತ ತಾನಾಗಿಯೇ ಕೇಳಿದಳು.

“ಅಣ್ಣಾರ, ಅವತ್ತ ಗಾಡಿ ಎತ್ತಿದವರು ಯಾವೂರವರ್ರಿ?”

ಬೀರಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯಾರು, ಎಷ್ಟು ಮಂದಿ ಅಂತ ಕೇಳಿದೆ.

“ನನಗ ಕಣ್ಣ ತೆರಿಯಾಕ ಆಗಲಿಲ್ರಿ, ಕಿವಿ ಕೇಳತಿತ್ತು. ಏಳೆಂಟ ಮಂದಿ ಇರಬೇಕ್ರಿ. ‘ಸಾವಕಾಶ ಎತ್ರೋ, ಒಳಗ ಹೆಣ್ಣಮಗಳ ಮಲಗ್ಯಾಳ’ ಅಂತಿದ್ರು. ಪಾಪ, ಅಂಥಾ ರಾಡ್ಯಾಗ ನಿಂತು ಎತ್ಯಾರ. ನೀವಿಬ್ರೂ ಗಡಿಬಿಡಿಯಾಗ ಇದ್ರಿ. ಕೈ ತೊಳಕೊಳ್ಳಾಕ ನೀರರ ಕೊಟ್ರೋ ಇಲ್ರಿ ಅವರಿಗೆ?”

ಅದೊಂದೇ ಅವಳ ಚಿಂತೆಯಾಗಿತ್ತು. ಬೀರಪ್ಪ ನನ್ನ ಮುಖ ನೋಡಿದ.

“ಕೊಟ್ಟೆ ತಂಗೀ” ಅಂದೆ.

ಅವಳಿಗೆ ಸಮಾಧಾನವಾಗಿ ಇನ್ನೊಂದು ರೊಟ್ಟಿ ಹಾಕಿದಳು. ನಾನು ಅವತ್ತು ಹೇಳಿದ್ದು ಸುಳ್ಳೋ ಖರೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ.