ಖಲೀಲ್ ಸಾಬರ ಹಿಂದಿನ ಸೀಟು

ನ್ಯಾಮತಿ ಬಸ್‌ಸ್ಟ್ಯಾಂಡಿನ ಹಿಂದೆ ಬೈಕ್ ಸೀಟು ಹೊಲಿಯುವ ಖಲೀಲ್ ಸಾಬರು ಬೋರ್ಡಿನಲ್ಲಿ ‘ಸೀಟ್ ಸ್ಪೆಷಲಿಸ್ಟ್’ ಎಂದು ಬರೆಸಿದ್ದು ಸುಮ್ಮನಲ್ಲ. ಹಳೇ ಸೀಟಿನ ಗುಂಡಿ ನೋಡಿ ಕೂತವರ ಜಾತಕ ಹೇಳುತ್ತಿದ್ದರು. “ಇವ್ರು ಮೇಷ್ಟ್ರು. ಪರ್ಸು ಬಲಗಡೆ ಐತೆ, ಎಡಕ್ಕೆ ವಾಲ್ತಾರೆ.” ಹೊಸ ಸ್ಪಂಜನ್ನು ಗಿರಾಕಿಯ ಮುಂದೆಯೇ ಗುದ್ದುತ್ತಿದ್ದರು, ಅದು ಪುಟಿದೇಳಬೇಕು. “ನೋಡ್ರಿ, ಗುರುತೂ ಉಳಿಯಲ್ಲ.” ಮಗಳು ಮದೀಹಾಗೂ ಅದೇ ಪಾಠ: ದೂರ ಹೋಗುವ ಗಾಡಿಯನ್ನು ಹಳೇ ಸ್ಪಂಜಿನಲ್ಲಿ ಕಳಿಸಿದರೆ ಅಂಗಡಿಯ ಮಾನ ಹೋಯಿತು.

ಊರಿಗೆಲ್ಲ ಬೈಕ್ ಸೀಟು ಹೊಲಿದವರು ತಾವು ಮಾತ್ರ ಸೈಕಲ್ ಬಿಟ್ಟಿರಲಿಲ್ಲ. ಅದರ ಕ್ಯಾರಿಯರ್ ಮೇಲೆ ಹೆಂಡತಿ ಖಮರುನ್ನೀಸಾಗೆಂದೇ ಕೆಂಪು ರೆಗ್ಜಿನ್ ಸೀಟು. “ಇದ್ರ ಮೇಲೆ ಕೂರಿಸ್ಕೊಂಡು ಕುಂದಾಪುರದಿಂದ ಕಾರವಾರದ ತನಕ ಸಮುದ್ರ ತೋರಿಸ್ತೀನಿ” ಅನ್ನುತ್ತಿದ್ದರು.

“ಮೊದ್ಲು ಹೊನ್ನಾಳಿ ಸಂತೆ ತೋರಿಸ್ರಿ” ಅನ್ನುತ್ತಿದ್ದಳು ಆಕೆ.

ಹೊನ್ನಾಳಿ ಸಂತೆ ಕಂಡಳು. ಸಮುದ್ರ ಕಾಣದೆ ಕಳೆದ ವರ್ಷ ತೀರಿಕೊಂಡಳು. ಎಡಕ್ಕೆ ಕಾಲು ಇಳಿಬಿಟ್ಟು ಕೂತು ಕೂತು ಆ ಸೀಟಿನ ಎಡ ಅಂಚಿನಲ್ಲಿ ಆಕೆ ಮಾಡಿದ ಗುಂಡಿ ಉಳಿಯಿತು. ಅದನ್ನಾದರೂ ಸಮುದ್ರದ ಮುಂದೆ ನಿಲ್ಲಿಸಬೇಕೆಂದು ಸಾಬರು ಹೊರಟರು.

ಆದರೆ ಸೀಟಿನ ಗುಂಡಿಗೆ ಸಮುದ್ರ ತೋರಿಸಾಕೆ ಹೊಂಟೀನಿ ಎಂದು ಯಾವ ಗಂಡಸು ಬಾಯಿಬಿಟ್ಟಾನು? ‘ಪರಿಸರ ಜಾಗೃತಿ ಸೈಕಲ್ ಯಾತ್ರೆ’ ಎಂದರು. ಮಗಳಿಗೂ ಅದನ್ನೇ ಹೇಳಿದರು. ಸವಳಂಗದಲ್ಲಿ ಪಂಚಾಯ್ತಿ ಮೆಂಬರ್ ಓಬಣ್ಣ ಶಾಲು ಹೊದಿಸಿ, “ಪರಿಸರಕ್ಕೆ ಏನು ಸಂದೇಶ ಕೊಡ್ತೀರಿ ಸಾಬ್ರೆ?” ಅಂದ.

“ಚೆನ್ನಾಗಿರ್ಲಿ” ಅಂದರು ಸಾಬರು.

ಹಿಂದಿನ ಸೀಟಿಗೆ ಉಪ್ಪುಗಾಳಿ ತಾಗದಂತೆ ಮದೀಹಾ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿಕೊಟ್ಟಿದ್ದಳು. ಶಿವಮೊಗ್ಗದಿಂದ ಬಸ್ಸಿನ ತಲೆ ಮೇಲೆ ಕೂತು ಸೈಕಲ್ಲು ಕುಂದಾಪುರ ಸೇರಿತು. ಅಲ್ಲಿಂದ ಉತ್ತರಕ್ಕೆ ತುಳಿದರೆ ಸಮುದ್ರ ಎಡಕ್ಕೆ, ಆಕೆ ಮುಖ ಮಾಡಿ ಕೂರುತ್ತಿದ್ದ ಕಡೆಗೇ. ಭಟ್ಕಳದ ಹೊರಗೆ ಮೀನಿನ ಬುಟ್ಟಿಯ ಹೆಂಗಸೊಬ್ಬಳು, “ಹಿಂದೆ ಖಾಲಿ ಉಂಟಲ್ಲ, ಸೇತುವೆವರೆಗೆ ಬಿಡಿ” ಅಂದಳು.

“ಇಲ್ಲಮ್ಮ, ಕೂತಿದಾರೆ.”

ಆಕೆ ಸೀಟನ್ನೊಮ್ಮೆ, ಸಾಬರನ್ನೊಮ್ಮೆ ನೋಡಿ ಬುಟ್ಟಿ ಎತ್ತಿಕೊಂಡು ದೂರ ಸರಿದಳು.

ಹೊನ್ನಾವರದ ಹತ್ತಿರ ಗಾಳಿಮರದ ತೋಪು. ಸೂಜಿಯಂಥ ಎಲೆ ಉದುರಿ ಹಾಸಿದ ದಾರಿಯಲ್ಲಿ ಗಾಲಿಯ ಸದ್ದೇ ಇಲ್ಲ. ತೋಪು ಮುಗಿದಲ್ಲಿ ಸಮುದ್ರ. ಸಾಬರು ಸ್ಟ್ಯಾಂಡ್ ಹಾಕಿ, ಸೈಕಲ್ಲಿನ ಎಡಗಡೆ ನೀರಿಗೆ ಎದುರಾಗುವಂತೆ ತಿರುಗಿಸಿ, ಪ್ಲಾಸ್ಟಿಕ್ ಬಿಚ್ಚಿದರು.

ಸೀಟು ಸಪಾಟಾಗಿತ್ತು.

ಮಗಳಿಗೆ ಫೋನ್ ಮಾಡಿದರು. “ಮದೀಹಾ, ಹಿಂದಿನ ಸೀಟಿಗೆ ಏನು ಮಾಡ್ದೆ?”

“ಗೊತ್ತಾತಾ ಅಬ್ಬಾ?” ದನಿಯಲ್ಲಿ ನಗು. “ಹೊಸ ಸ್ಪಂಜು. ದೂರ ಹೋಗೋ ಗಾಡಿ ಅಲ್ವಾ? ಊರೂರಲ್ಲಿ ಫೋಟೊ ತೆಗೀತಾರೆ, ಸ್ಪೆಷಲಿಸ್ಟ್ ಸೀಟಲ್ಲೇ ಗುಂಡಿ ಅಂದ್ರೆ ಹೆಂಗೆ?”

“ಹಳೇದು?”

“ಕಸದ ಗಾಡಿಗೆ ಹಾಕ್ದೆ. ಪುಡಿಪುಡಿ ಆಗಿತ್ತು. ಯಾಕೆ?”

ಅಲೆಯೊಂದು ಬಂದು ಹೋಯಿತು.

“ಏನಿಲ್ಲ. ಹೊಲಿಗೆ ಚೆನ್ನಾಗಿ ಬಂದೈತೆ ಕಣಮ್ಮ.”

ಫೋನ್ ಜೇಬಿಗಿಟ್ಟು, ಸೀಟಿನ ಎಡ ಅಂಚಿಗೆ ಅಂಗೈ ಊರಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದರು. ಸ್ಪಂಜು ತಗ್ಗಿತು. ಬಹಳ ಹೊತ್ತು ಹಾಗೇ ಹಿಡಿದಿದ್ದು, ಕೈ ತೆಗೆದರು.

ಪುಟಿದೆದ್ದಿತು. ಒಳ್ಳೇ ಮಾಲು, ಅವರೇ ಆರಿಸಿ ತಂದದ್ದು.